ಕ್ರಾಸ್‌ಬೋಗೆ ಬಾಳಿಕೆ ಬರುವ ಟಾರ್ಗೆಟ್ ಯಾವುದು?

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಬಾಣವನ್ನು ಸೆಕೆಂಡಿಗೆ 400 ಅಡಿ ವೇಗದಲ್ಲಿ ಹಾರಿಸುವ ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಹೊಡೆಯುವ ಅಡ್ಡಬಿಲ್ಲು) ಕೊಂಡಿದ್ದೇನೆ. ಗೆಳೆಯರು ಕಾಂಪೌಂಡ್ ಬಿಲ್ಲಿಗೆ (ತುದಿಗಳಲ್ಲಿ ರಾಟೆಗಳಿರುವ ಬಿಲ್ಲು) ಬಳಸುತ್ತಿದ್ದ ಪದರದ ಫೋಮ್ ಟಾರ್ಗೆಟ್‌ಗೆ 20 ಗಜದಿಂದ ಹೊಡೆದರೆ ಬಾಣ ಗರಿಯವರೆಗೂ ಒಳಹೋಗುತ್ತದೆ, ಕೀಳಲು ಬರುವುದಿಲ್ಲ. ಯಾವುದನ್ನು ಕೊಳ್ಳಲಿ?

ಉತ್ತರ: ಮೊದಲು ಲೆಕ್ಕ ನೋಡಿ. 400 ಗ್ರೇನ್, ಅಂದರೆ ಸುಮಾರು 26 ಗ್ರಾಂ ತೂಕದ ಬಾಣ ಕಾಂಪೌಂಡ್ ಬಿಲ್ಲಿನಿಂದ ಸೆಕೆಂಡಿಗೆ 280 ಅಡಿ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 94 ಜೂಲ್. ಅಷ್ಟೇ ತೂಕದ ಬಾಣ ನಿಮ್ಮ ಕ್ರಾಸ್‌ಬೋದಿಂದ ಹೊರಟಾಗ ಸುಮಾರು 193 ಜೂಲ್. ವೇಗ ಒಂದೂವರೆ ಪಟ್ಟೂ ಹೆಚ್ಚಿಲ್ಲ, ಶಕ್ತಿ ಮಾತ್ರ ಇಮ್ಮಡಿ. ಈ ಶಕ್ತಿಯೆಲ್ಲ ಟಾರ್ಗೆಟ್ ಒಳಗೆ ಘರ್ಷಣೆಯಲ್ಲೇ ಕರಗಬೇಕು. ಆ ಬಿಸಿಗೆ ಫೋಮ್ ಮೆತ್ತಗಾಗಿ ಬಾಣದ ಕಡ್ಡಿಗೆ ಅಂಟಿಕೊಳ್ಳುತ್ತದೆ. ನಿಮ್ಮ ಬಾಣ ಕಚ್ಚಿ ಕೂತಿರುವುದು ಇದರಿಂದಲೇ. ಹಾಗಾಗಿ ಬೆಲೆಗಿಂತ ಮೊದಲು ಟಾರ್ಗೆಟ್ ಮೇಲೆ ನಮೂದಿಸಿರುವ ವೇಗದ ಮಿತಿ ನೋಡಿ. ಅದು ನಿಮ್ಮ ಕ್ರಾಸ್‌ಬೋ ವೇಗಕ್ಕಿಂತ ಹೆಚ್ಚಿರಲೇಬೇಕು.

ದಿನನಿತ್ಯದ ಅಭ್ಯಾಸಕ್ಕೆ ನಮ್ಮ ಆಯ್ಕೆ ಬ್ಯಾಗ್ ಟಾರ್ಗೆಟ್. ಒಳಗೆ ತುಂಬಿರುವ ಬಟ್ಟೆ, ನಾರು ಬಾಣವನ್ನು ನಿಲ್ಲಿಸುತ್ತವೆ, ಆದರೆ ಫೋಮಿನ ಹಾಗೆ ಕರಗಿ ಹಿಡಿದುಕೊಳ್ಳುವುದಿಲ್ಲ. ಎರಡು ಬೆರಳಲ್ಲಿ ಎಳೆದರೂ ಬಾಣ ಬರುವುದುಂಟು. ಆದರೆ ಇದಕ್ಕೆ ಸಾದಾ ಮೊನೆಯ ಬಾಣ ಮಾತ್ರ. ಅಲಗಿರುವ ಬ್ರಾಡ್‌ಹೆಡ್ ಒಂದನ್ನು ಹೊಡೆದರೂ ಹೊದಿಕೆ ಹರಿಯುತ್ತದೆ, ಅಲಗು ಬಟ್ಟೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬೇಟೆಯ ಋತುವಿಗೆ ಮೊದಲು ಬ್ರಾಡ್‌ಹೆಡ್ ಎಲ್ಲಿ ಬೀಳುತ್ತದೆಂದು ನೋಡಬೇಕಾದರೆ ರೈನ್‌ಹಾರ್ಟ್‌ನಂಥ ಕಂಪನಿಗಳ ಗಟ್ಟಿ ಫೋಮಿನ ಟಾರ್ಗೆಟ್ ಬೇಕು. ಅದರ ತೂತು ತಕ್ಕಮಟ್ಟಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಬೆಲೆ ಜಾಸ್ತಿ, ಬಾಣ ಕೀಳುವುದೂ ಕಷ್ಟ. ಆದ್ದರಿಂದ ಅದನ್ನು ಆ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ.

ಯಾವುದನ್ನೇ ಕೊಂಡರೂ ಒಂದೇ ಚುಕ್ಕಿಗೆ ಹೊಡೆಯುತ್ತಾ ಹೋದರೆ ಬೇಗ ಹಾಳಾಗುತ್ತದೆ. ದೂರದರ್ಶಕ ಕೂರಿಸಿದ ಕ್ರಾಸ್‌ಬೋ 20 ಗಜದಲ್ಲಿ ಎಷ್ಟು ನಿಖರವೆಂದರೆ ಎರಡನೆಯ ಬಾಣ ಮೊದಲನೆಯದರ ಹಿಂಬದಿಯನ್ನೇ ಸೀಳಬಹುದು. ಒಂದು ಚುಕ್ಕಿಗೆ ಒಂದೇ ಬಾಣ. ವಾರಕ್ಕೊಮ್ಮೆ ಟಾರ್ಗೆಟ್ ಮಗ್ಗುಲು ಬದಲಿಸಿ, ಮೂಲೆಯ ಚುಕ್ಕಿಗಳನ್ನೂ ಬಳಸಿ. ಬಾಣದ ಉದ್ದ ಸಾಮಾನ್ಯವಾಗಿ 20 ಇಂಚು. ಅರ್ಧಕ್ಕಿಂತ ಹೆಚ್ಚು ಒಳಹೋಗತೊಡಗಿದರೆ ಆ ಜಾಗ ಸೋತಿದೆ ಎಂದರ್ಥ. ಗರಿ ಒಳಹೊಕ್ಕರೆ ಕಿತ್ತುಬರುತ್ತದೆ.

ಕೀಳುವಾಗ ಒಂದು ಅಂಗೈಯನ್ನು ಟಾರ್ಗೆಟ್‌ಗೆ ಒತ್ತಿ, ಇನ್ನೊಂದು ಕೈಯಲ್ಲಿ ರಬ್ಬರ್ ಹಿಡಿಕೆಯಿಂದ ಕಡ್ಡಿಯನ್ನು ಬುಡದಲ್ಲೇ ಹಿಡಿದು ನೇರ ಎಳೆಯಿರಿ. ಅಲುಗಾಡಿಸಿದರೆ ಕಾರ್ಬನ್ ಕಡ್ಡಿ ಸೀಳುತ್ತದೆ. ತಿರುಗಿಸಲೇಬೇಕಾದರೆ ಬಲಕ್ಕೆ ಮಾತ್ರ. ಎಡಕ್ಕೆ ತಿರುಗಿಸಿದರೆ ಮೊನೆಯ ತಿರುಪು ಬಿಚ್ಚಿಕೊಂಡು ಒಳಗೇ ಉಳಿಯುತ್ತದೆ, ಮುಂದಿನ ಬಾಣ ಅದಕ್ಕೇ ಬಡಿಯುತ್ತದೆ. ಎಳೆಯುವಾಗ ನಿಮ್ಮ ಹಿಂದೆ ಯಾರೂ ನಿಂತಿರಬಾರದು. ತಟ್ಟನೆ ಬಿಟ್ಟ ಬಾಣದ ತುದಿ ನೇರ ಕಣ್ಣಿಗೆ ಹೋಗುತ್ತದೆ. ಹೊಡೆಯುವ ಮುನ್ನ ಕಡ್ಡಿಯ ಮುಂದಿನ ಒಂದು ಗೇಣಿಗೆ ಒಣ ಸೋಪು ಸವರಿದರೆ ಫೋಮಿನಿಂದ ಸಲೀಸಾಗಿ ಬರುತ್ತದೆ. ಮೊನೆ ಕಡ್ಡಿಗಿಂತ ಸಪೂರವಾಗಿದ್ದರೂ ಫೋಮ್ ಕಚ್ಚುತ್ತದೆ, ಹಾಗಾಗಿ ಅಳತೆ ಸರಿಹೊಂದಿಸಿ. ಹಲವು ಕ್ರಾಸ್‌ಬೋ ಬಾಣಗಳಿಗೆ 22/64 ಇಂಚಿನ ಮೊನೆ ಸರಿಹೋಗುತ್ತದೆ.

ನಿಮ್ಮಲ್ಲಿಯ ಚಳಿಗಾಲದ ಬಗ್ಗೆ ಒಂದು ಮಾತು: ನೆನೆದ ಬ್ಯಾಗ್ ಹೊರಗೆ ಹೆಪ್ಪುಗಟ್ಟಿದರೆ ಕಲ್ಲಾಗುತ್ತದೆ, ಬಾಣ ಮುರಿಯುತ್ತದೆ. ಗ್ಯಾರೇಜಿನಲ್ಲಿಡಿ.

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇವೆ. ಹಳೆ ಬಟ್ಟೆ ತುಂಬಿ ಮನೆಯಲ್ಲೇ ಟಾರ್ಗೆಟ್ ಮಾಡಬಹುದೇ? ಥರ್ಮೋಕೋಲ್ ಸಾಕೇ?

ಉತ್ತರ: ಥರ್ಮೋಕೋಲ್ ಬೇಡವೇ ಬೇಡ. ತೀರ ಹಗುರ, ಬಾಣ ಅದನ್ನು ದಾಟಿಹೋಗುತ್ತದೆ, ಕಡ್ಡಿಗೆಲ್ಲ ಅಂಟು. ಒಣಹುಲ್ಲಿನ ಪಿಂಡಿಯೊಂದನ್ನೇ ನಂಬುವುದೂ ಬೇಡ. ಬಟ್ಟೆಯಾದರೆ ಧಾರಾಳವಾಗಿ ಮಾಡಿ. ಗುಂಡಿ, ಜಿಪ್, ಹುಕ್ಕು ಒಂದೂ ಉಳಿಯದಂತೆ ಕತ್ತರಿಸಿ ತೆಗೆಯಿರಿ. ಪಾಲಿಪ್ರೊಪಿಲೀನ್ ಚೀಲದಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಕಾಲಲ್ಲಿ ತುಳಿದು ಗಟ್ಟಿ ಮಾಡುತ್ತಾ ಬನ್ನಿ. ಬಾಣ ಹೊಕ್ಕುವ ದಿಕ್ಕಿನಲ್ಲಿ ಕನಿಷ್ಠ 60 ಸೆಂ.ಮೀ. ದಪ್ಪವಿರಲಿ. ಸೋಲುವುದು ಸಾಮಾನ್ಯವಾಗಿ ತುಂಬಿದ್ದು ಸಡಿಲವಾದಾಗ: ಬಟ್ಟೆ ಕೆಳಕ್ಕೆ ಕುಸಿದು ಮೇಲ್ಭಾಗ ಪೊಳ್ಳಾಗುತ್ತದೆ, ಬಾಣ ಅಲ್ಲಿಂದ ಪಾರಾಗುತ್ತದೆ. ಆಗಾಗ ಬಿಚ್ಚಿ ಮೇಲಿನಿಂದ ಮತ್ತೆ ತುಂಬಿ. ಬಿಸಿಲಿಗೆ ಆ ಚೀಲ ಪುಡಿಪುಡಿಯಾಗುವುದರಿಂದ ನೆರಳಲ್ಲಿಡಿ. ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು, ಟಾರ್ಗೆಟ್ ಎಷ್ಟೇ ಗಟ್ಟಿ ಇದ್ದರೂ.

ಈ ಚೀಲ ಇನ್ನೊಂದಕ್ಕೂ ಒದಗುತ್ತದೆ. ಎಳೆದು ನಿಲ್ಲಿಸಿದ ಹೆದೆಯನ್ನು ಕೈಯಿಂದ ಇಳಿಸುವ ವ್ಯವಸ್ಥೆ ಇಲ್ಲದ ಕ್ರಾಸ್‌ಬೋಗಳಲ್ಲಿ ಬಾಣ ಹೊಡೆದೇ ಅದನ್ನು ಬಿಡಬೇಕು. ಬಾಣವಿಲ್ಲದೆ ಬಿಟ್ಟರೆ ಶಕ್ತಿಯೆಲ್ಲ ಬಿಲ್ಲಿನ ತೋಳುಗಳಿಗೇ ಹೋಗಿ ಅವು ಸೀಳಬಹುದು, ಹೆದೆ ಹರಿಯಬಹುದು.

ಪ್ರಶ್ನೆ: ಮೈಸೂರಿನ ನಮ್ಮ ಬಿಲ್ವಿದ್ಯೆ ಕ್ಲಬ್ಬಿನಲ್ಲಿ ಪದರದ ಫೋಮ್ ಟಾರ್ಗೆಟ್‌ಗಳ ನಡುಭಾಗ ಸವೆದಿದೆ. ಎಸೆಯಬೇಕೇ?

ಉತ್ತರ: ಬೇಡ. ಚೌಕಟ್ಟಿನ ತಿರುಪು ಸಡಿಲಿಸಿ ನಡುವಿನ ಪಟ್ಟಿಗಳನ್ನು ಮೇಲಕ್ಕೂ ಕೆಳಕ್ಕೂ, ಅಂಚಿನ ಗಟ್ಟಿ ಪಟ್ಟಿಗಳನ್ನು ನಡುವಿಗೂ ಜೋಡಿಸಿ, ಮತ್ತೆ ಬಿಗಿಯಾಗಿ ಒತ್ತಿ. ಪದರಗಳ ಒತ್ತಡವೇ ಬಾಣ ತಡೆಯುವುದು, ಸಡಿಲವಾದರೆ ಹೊಸ ಫೋಮ್ ಕೂಡ ನಿಲ್ಲಿಸದು. ಸ್ಪರ್ಧೆಯ ಕಾಂಪೌಂಡ್ ಬಿಲ್ಲಿನ ಎಳೆತದ ಮಿತಿ 60 ಪೌಂಡ್, ಅದಕ್ಕೆ ಇಷ್ಟು ಸಾಕು. ಅದೇ ಟಾರ್ಗೆಟ್‌ಗೆ ಬೇಟೆಯ ಕ್ರಾಸ್‌ಬೋ ಹೊಡೆಯಲು ಯಾರಿಗೂ ಬಿಡಬೇಡಿ. ಬ್ರಾಡ್‌ಹೆಡ್ ಅಂತೂ ಕ್ಲಬ್ಬಿನೊಳಗೆ ಬರುವುದೇ ಬೇಡ: ಅದು ಬೇಟೆಗಾಗಿ ಇರುವ ಮೊನೆ, ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧ. ಫೋಮ್ ಪದರಗಳನ್ನಂತೂ ಅದು ಕೊಯ್ದೇ ಹಾಕುತ್ತದೆ.