ಅಂಟಿದ ಗಾಯಕ್ಕೆ ಅವಸರದ ಕೈ ಬೇಡ

ಪತ್ರದ ಸಾರ: ಎಡ ಸ್ತನವನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದು ರೇಡಿಯೇಷನ್ ಕೊಟ್ಟಿದ್ದರು. ಆಮೇಲೆ ಬೆನ್ನಿನ ಸ್ನಾಯು ತಂದು ಸ್ತನ ಮರುರಚನೆ ಮಾಡಿ 9 ತಿಂಗಳಾಯಿತು. ಪಕ್ಕೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗಿರುತ್ತದೆ. ಮೇಲಕ್ಕೆ ಕೈ ಚಾಚಿದರೆ, ಮಗ್ಗುಲು ಬದಲಿಸಿದರೆ ಒಳಗೆ ಹಿಡಿದೆಳೆಯುತ್ತದೆ. ತೋಳಿನ ಒಳಬದಿಯಲ್ಲಿ ಉರಿ ಬೇರೆ. ‘ಒಳಗೆ ಅಂಟಿಕೊಂಡಿದೆ, ಗಟ್ಟಿಯಾಗಿ ತಿಕ್ಕಿ’ ಎಂದು ಗೊತ್ತಿದ್ದವರು ಹೇಳಿದ್ದರಿಂದ ದಿನಾ ಅರ್ಧ ಗಂಟೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೇನೆ. ಮರುದಿನ ನೋವು ಇನ್ನೂ ಜಾಸ್ತಿ. ಇದು ಎಂದಾದರೂ ಬಿಡುತ್ತದೆಯೇ? ಇನ್ನೊಂದು ಆಪರೇಷನ್ ಮಾಡಿಸಿ ಬಿಡಿಸಿಕೊಳ್ಳಲೇ?
– ಹೆಸರು ಬೇಡ ಎಂದ ಓದುಗರು

ಸಂಪಾದಕರ ಉತ್ತರ:

ಎಣ್ಣೆ ಬಾಟಲಿಯನ್ನು ಸದ್ಯಕ್ಕೆ ಎತ್ತಿಡಿ. ಅಂಟು ಬಿಡಿಸಬೇಕೆಂಬ ಉದ್ದೇಶ ಸರಿ, ದಾರಿ ಸರಿಯಿಲ್ಲ. ಎಣ್ಣೆ ಹಚ್ಚಿದ ಬೆರಳು ಚರ್ಮದ ಮೇಲೆ ಜಾರುತ್ತದೆಯೇ ಹೊರತು ಚರ್ಮವನ್ನು ತನ್ನ ಜೊತೆ ಒಯ್ಯುವುದಿಲ್ಲ. ತಿಕ್ಕಿದ್ದೆಲ್ಲ ಮೇಲ್ಪದರಕ್ಕೇ ತಗಲಿ ಅದು ಕೆಂಪಾಗಿ ಉರಿಯುತ್ತದೆ, ಕೆಳಗೆ ಅಂಟಿದ್ದು ಅಂಟಿದಂತೆಯೇ ಉಳಿಯುತ್ತದೆ. ರೇಡಿಯೇಷನ್ ಬಿದ್ದ ಚರ್ಮವಂತೂ ಇಂಥ ತಿಕ್ಕಾಟ ತಡೆಯುವುದಿಲ್ಲ.

ಚರ್ಮ, ಕೊಬ್ಬು, ಸ್ನಾಯುವಿನ ಪೊರೆ, ಸ್ನಾಯು, ಅದರಡಿ ಪಕ್ಕೆಲುಬು. ನಾವು ಕೈ ಎತ್ತುವಾಗ, ಉಸಿರೆಳೆಯುವಾಗ ಈ ಪದರಗಳು ಒಂದರ ಮೇಲೊಂದು ಜಾರಬೇಕು. ಕತ್ತರಿಸಿದ ಜಾಗ ಮಾಯುವಾಗ ದೇಹ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಅಡ್ಡಾದಿಡ್ಡಿ ಹೆಣೆದು ಎಲ್ಲ ಪದರಗಳನ್ನೂ ಸೇರಿಸಿ ಹೊಲಿದುಬಿಡುತ್ತದೆ. ಆ ಎಳೆಗಳು ಮೇಲಿಂದ ಮೇಲೆ ಬೀಳುವ ಎಳೆತಕ್ಕೆ ತಕ್ಕಂತೆ 12ರಿಂದ 18 ತಿಂಗಳವರೆಗೂ ಮರುಜೋಡಣೆಯಾಗುತ್ತಿರುತ್ತವೆ. ನಿಮಗಿನ್ನೂ 9 ತಿಂಗಳು, ಅಂದರೆ ಕಾಲ ಮೀರಿಲ್ಲ. ರೇಡಿಯೇಷನ್‌ನಿಂದಾಗುವ ಗಡಸುತನ ಮಾತ್ರ ವರ್ಷಗಟ್ಟಲೆ ಮೆಲ್ಲಗೆ ಮುಂದುವರಿಯಬಲ್ಲದು. ಹಾಗಾಗಿ ಅಭ್ಯಾಸವನ್ನು ನೋವು ಕಡಿಮೆಯಾದ ದಿನವೇ ಬಿಡುವಂತಿಲ್ಲ.

ಎಲ್ಲಿ ಅಂಟಿದೆ ಎಂದು ಮೊದಲು ಪತ್ತೆ ಮಾಡಿ. ಕನ್ನಡಿ ಮುಂದೆ ನಿಂತು ಎಡಗೈಯನ್ನು ನಿಧಾನವಾಗಿ ಮೇಲೆತ್ತಿ. ಚರ್ಮ ಎಲ್ಲಿ ಗುಳಿ ಬೀಳುತ್ತದೋ ಅಲ್ಲಿ ಅದು ಕೆಳಗಿನ ಪದರಕ್ಕೆ ಕಚ್ಚಿಕೊಂಡಿದೆ. ಎಷ್ಟೋ ಜನ ಉದ್ದನೆಯ ಗಾಯದ ಗೆರೆಯನ್ನಷ್ಟೇ ನೋಡಿ ಆಪರೇಷನ್ ಆದಮೇಲೆ ಒಳಗಿನ ದ್ರವ ಹೊರಹೋಗಲು ಡ್ರೈನ್ ಪೈಪು ಇಟ್ಟಿದ್ದ ಪುಟ್ಟ ತೂತನ್ನು ಮರೆತೇಬಿಡುತ್ತಾರೆ. ಪಕ್ಕೆಲುಬಿಗೆ ಗಟ್ಟಿಯಾಗಿ ಅಂಟಿ ಕೂರುವುದು ಎಷ್ಟೋ ಸಲ ಅದೇ. ಆಮೇಲೆ ಒಣ ಬೆರಳಿನ ತುದಿಗಳನ್ನು ಗೆರೆಯ ಮೇಲಿಟ್ಟು ಚರ್ಮವನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸರಿಸಿ ನೋಡಿ. ಬಲಬದಿಯ ಅದೇ ಜಾಗದ ಜೊತೆ ಹೋಲಿಸಿದರೆ ಯಾವ ದಿಕ್ಕಿಗೆ ಸರಿಯುತ್ತಿಲ್ಲ ಎಂದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಸರಿಯದ ದಿಕ್ಕಿಗೇ ಕೆಲಸ. ಬೆರಳನ್ನು ಜಾರಿಸದೆ, ಚರ್ಮದ ಸಮೇತ ಆ ಕಡೆಗೆ ಒಯ್ದು, ತಡೆ ಸಿಕ್ಕಲ್ಲಿ ನಿಲ್ಲಿಸಿ ಹಿಡಿದುಕೊಳ್ಳಿ. 30 ಸೆಕೆಂಡಿನಿಂದ 2 ನಿಮಿಷದವರೆಗೆ ಹಿಡಿಯಿರಿ, ಮುಂದಕ್ಕೆ ನೂಕಬೇಡಿ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಒಂದಿಷ್ಟು ಸಡಿಲಿಸುವುದು ಬೆರಳಿಗೆ ಗೊತ್ತಾಗುತ್ತದೆ. ಅಷ್ಟು ಮಾತ್ರ ಹಿಂಬಾಲಿಸಿ. ಒತ್ತಡ ಉಗುರು ತುಸು ಬಿಳುಚುವಷ್ಟು ಸಾಕು. ಗೆರೆ ಹಿಡಿತಕ್ಕೆ ಬಂದರೆ ಹೆಬ್ಬೆರಳು, ತೋರುಬೆರಳಿನ ನಡುವೆ ಎತ್ತಿ ಮೆಲ್ಲಗೆ ಹೊರಳಿಸಬಹುದು. ಒಂದು ಸಲಕ್ಕೆ 5ರಿಂದ 10 ನಿಮಿಷ, ದಿನಕ್ಕೆ ಎರಡು ಸಲ. 10ರ ಅಳತೆಯಲ್ಲಿ ನೋವು 3 ದಾಟಬಾರದು. ಮರುದಿನ ಬೆಳಗ್ಗೆ ನೋವು ಉಳಿದಿದ್ದರೆ ನೀವು ಹೆಚ್ಚು ಮಾಡಿದ್ದೀರಿ, ಅರ್ಧಕ್ಕೆ ಇಳಿಸಿ. ವಾಸನೆಯಿಲ್ಲದ ಕ್ರೀಮು ಹಚ್ಚುವುದಿದ್ದರೆ ಇದೆಲ್ಲ ಮುಗಿದ ಮೇಲೆ. ಒಂದು ಎಚ್ಚರಿಕೆ: ಬೆನ್ನಿನಿಂದ ತಂದ ಸ್ನಾಯುವಿಗೆ ರಕ್ತ ಒದಗಿಸುವ ನಾಳ ಕಂಕುಳಿನ ಮೂಲಕವೇ ಹೋಗುತ್ತದೆ. ಕಂಕುಳಿನ ಗುಳಿಯಲ್ಲಿ ಆಳಕ್ಕೆ ಒತ್ತಬೇಡಿ.

ನಿಮ್ಮ ‘ಪಟ್ಟಿ ಕಟ್ಟಿದ’ ಬಿಗಿತದ ಬೇರು ಬೆನ್ನಿನ ಗಾಯದಲ್ಲಿರುವ ಸಾಧ್ಯತೆ ಹೆಚ್ಚು. ಅಲ್ಲಿಗೆ ನಿಮ್ಮ ಕೈ ಎಟುಕುವುದಿಲ್ಲ. ಮನೆಯವರಿಗೆ ಇದೇ ರೀತಿ ತೋರಿಸಿಕೊಡಿ. ಒಬ್ಬರೇ ಮಾಡುವಂಥದ್ದು ಇದು: ಬಲ ಮಗ್ಗುಲಿಗೆ ಮಲಗಿ, ಪಕ್ಕೆಯ ಕೆಳಗೆ ದಿಂಬು ಇಟ್ಟು, ಎಡಗೈಯನ್ನು ತಲೆಯ ಮೇಲಕ್ಕೆ ಚಾಚಿ. ಎಡ ಪಕ್ಕೆಲುಬುಗಳು ಅಗಲವಾಗುವಂತೆ 5–6 ಸಲ ದೀರ್ಘವಾಗಿ ಉಸಿರೆಳೆಯಿರಿ. ಇದರ ಜೊತೆಗೆ ಗೋಡೆಯ ಮೇಲೆ ಬೆರಳು ಹತ್ತಿಸುವುದು, ಕೈಗಳನ್ನು ತಲೆಯ ಹಿಂದೆ ಕಟ್ಟಿ ಮೊಣಕೈ ಅಗಲಿಸುವುದು, ಎರಡೂ 5–10 ಸಲ. ನೋವಿಗೆ ಹೆದರಿ ತೋಳನ್ನು ಮೈಗೆ ಅಂಟಿಸಿಕೊಂಡೇ ಇದ್ದರೆ ಭುಜದ ಕೀಲೂ ಬಿಗಿದು ಒಂದು ತೊಂದರೆ ಎರಡಾಗುತ್ತದೆ.

ಬಾಗಿಲು ಎಳೆಯುವಾಗ, ಕೆಮ್ಮುವಾಗ ಹೊಸ ಸ್ತನ ತಟಕ್ಕನೆ ಕುಪ್ಪಳಿಸಿದರೆ ಅದು ಅಂಟಲ್ಲ. ಸ್ನಾಯುವಿನ ಜೊತೆ ಬಂದ ನರ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ಎಷ್ಟು ಮಸಾಜ್ ಮಾಡಿದರೂ ಅದು ನಿಲ್ಲುವುದಿಲ್ಲ. ಕಾಟ ಹೆಚ್ಚಿದ್ದರೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಅಥವಾ ಆ ನರವನ್ನು ಕತ್ತರಿಸುವ ಬಗ್ಗೆ ಸರ್ಜನ್ ಹೇಳುತ್ತಾರೆ.

ತೋಳಿನ ಒಳಬದಿಯ ಉರಿಯೂ ಬೇರೆಯದೇ ವಿಷಯ. ಪಕ್ಕೆಲುಬುಗಳ ನಡುವಿನಿಂದ ಹೊರಟು ಕಂಕುಳು ದಾಟಿ ತೋಳಿನ ಒಳಬದಿಯ ಚರ್ಮಕ್ಕೆ ಹೋಗುವ ಇಂಟರ್‌ಕಾಸ್ಟೋಬ್ರೇಕಿಯಲ್ ನರ ದುಗ್ಧಗ್ರಂಥಿ ತೆಗೆಯುವಾಗ ಎಳೆದಾಡಲ್ಪಡುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಉರಿ, ಜೋಮು, ಕರೆಂಟ್ ಹೊಡೆದಂಥ ಸೆಳೆತ, ಬಟ್ಟೆ ಸೋಕಿದರೂ ಚುರ್ ಎನ್ನುವುದು ಇದರ ಲಕ್ಷಣ. ಇಲ್ಲಿ ಒತ್ತಬಾರದು. ಮೊದಲು ಹತ್ತಿ, ಅದು ಸಹಿಸುವಂತಾದ ಮೇಲೆ ನುಣುಪು ಬಟ್ಟೆ, ಕೊನೆಗೆ ಟವೆಲ್: ಒಂದೊಂದರಿಂದ 2–3 ನಿಮಿಷ ಸವರಿ ಚರ್ಮಕ್ಕೆ ರೂಢಿ ಮಾಡಿಸಬೇಕು. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲೀನ್, ಡ್ಯುಲಾಕ್ಸೆಟಿನ್‌ನಂಥ ನರನೋವಿನ ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ನೀವು ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಿ. ಅದನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುವ ಕಿಣ್ವವನ್ನು ಡ್ಯುಲಾಕ್ಸೆಟಿನ್ ಕುಂದಿಸುತ್ತದೆ. ಬೆರಳಲ್ಲಿ ತಟ್ಟಿದಾಗ ಒಂದೇ ಚುಕ್ಕೆಯಿಂದ ನೋವು ಚಿಮ್ಮುವುದಾದರೆ ಆ ಚುಕ್ಕೆಯನ್ನು ಪೆನ್ನಿನಲ್ಲಿ ಗುರುತು ಮಾಡಿಕೊಂಡು ಹೋಗಿ. ಅಲ್ಲಿಗೆ ಇಂಜೆಕ್ಷನ್ ಕೊಡುವುದುಂಟು.

ಮಾಡಬಾರದ ಕೆಲಸಗಳಲ್ಲಿ ಬಿಸಿನೀರಿನ ಚೀಲಕ್ಕೆ ಮೊದಲ ಸ್ಥಾನ. ಹೊಸ ಸ್ತನದ ಚರ್ಮಕ್ಕೂ ಬೆನ್ನಿನ ಗಾಯದ ಸುತ್ತಲಿಗೂ ಸ್ಪರ್ಶಜ್ಞಾನ ಕಡಿಮೆ, ಬೊಬ್ಬೆ ಏಳುವವರೆಗೂ ಸುಡುತ್ತಿರುವುದು ತಿಳಿಯುವುದಿಲ್ಲ. ಕಂಪಿಸುವ ಮಸಾಜ್ ಯಂತ್ರವೂ ಬೇಡ. ಸಿಲಿಕೋನ್ ಪಟ್ಟಿಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು ಹೊತ್ತು, 2–3 ತಿಂಗಳು ಹಾಕಿಕೊಂಡರೆ ಉಬ್ಬಿದ ಕೆಂಪು ಗೆರೆ ತಗ್ಗಬಹುದು, ಆಳದ ಅಂಟಿಗೆ ಅದರಿಂದ ಏನೂ ಆಗದು. ಬ್ರಾ ತಂತಿಯಿಲ್ಲದ್ದು, ಮುಂದೆ ಹುಕ್ ಇರುವಂಥದ್ದು ಇರಲಿ. ಅದರ ಹೊಲಿಗೆ ಡ್ರೈನ್ ತೂತಿನ ಮೇಲೆ ಕೂರದಂತೆ ನೋಡಿಕೊಳ್ಳಿ.

ಸ್ನಾಯುವಿನ ಅಡಿಯಲ್ಲಿ ಇಂಪ್ಲಾಂಟ್ (ಸ್ತನದ ಆಕಾರಕ್ಕೆಂದು ಒಳಗಿಡುವ ಕೃತಕ ಚೀಲ) ಕೂಡ ಇದೆಯೇ ಎಂದು ನೀವು ಬರೆದಿಲ್ಲ. ಇದ್ದು, ಸ್ತನ ಗಟ್ಟಿಯಾಗುತ್ತಾ, ಉರುಟಾಗಿ ಮೇಲಕ್ಕೆ ಸರಿಯುತ್ತಾ, ನೋಯುತ್ತಿದ್ದರೆ ಇಂಪ್ಲಾಂಟಿನ ಸುತ್ತ ದೇಹ ಕಟ್ಟಿದ ಪೊರೆ ಕುಗ್ಗುತ್ತಿರಬಹುದು. ರೇಡಿಯೇಷನ್ ಆದವರಲ್ಲಿ ಇದು ಹೆಚ್ಚು. ವೈದ್ಯರು ಇದನ್ನು ಬೇಕರ್ ಮಾಪನದಲ್ಲಿ 1ರಿಂದ 4ರವರೆಗೆ ಅಳೆಯುತ್ತಾರೆ, ನೋವಿದ್ದರೆ 4. ಅದಕ್ಕೆ ಸರ್ಜನ್ನೇ ಬೇಕು, ಮನೆಯ ಮಸಾಜ್ ಸಾಲದು.

ಗಾಯದಲ್ಲಿ ಹೊಸ ಗಂಟು, ಜ್ವರದ ಜೊತೆ ಕೆಂಪು, ತೋಳು ಊದಿ ಭಾರವಾಗುವುದು, ಸ್ತನ ಇದ್ದಕ್ಕಿದ್ದಂತೆ ದಪ್ಪವಾಗುವುದು, ಇವುಗಳಲ್ಲಿ ಯಾವುದು ಕಂಡರೂ ‘ಅಂಟೇ ಇರಬೇಕು’ ಎಂದುಕೊಂಡು ಕಾಯಬೇಡಿ. ಅಂಟು ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ.

ಇನ್ನು ಆಪರೇಷನ್. ಅಂಟನ್ನು ಬರೀ ಕತ್ತರಿಸಿದರೆ ಅಲ್ಲೇ ಹೊಸ ಗಾಯ, ಹೊಸ ಅಂಟು. ಅದಕ್ಕೇ ಸರ್ಜನ್‌ಗಳು ಸೂಜಿಯಿಂದ ಬಿಡಿಸಿದ ಜಾಗದಲ್ಲಿ ಹೊಟ್ಟೆಯಿಂದಲೋ ತೊಡೆಯಿಂದಲೋ ತೆಗೆದ ಕೊಬ್ಬನ್ನು ತುಂಬುತ್ತಾರೆ. ಪದರಗಳ ನಡುವೆ ಅದು ಮೆತ್ತೆಯಂತೆ ಕೂರುತ್ತದೆ. ತುಂಬಿದ್ದರಲ್ಲಿ ಒಂದು ಪಾಲನ್ನು ದೇಹ ಹೀರಿಕೊಳ್ಳುವುದರಿಂದ ಎರಡನೆಯ ಸಲ ಮಾಡಬೇಕಾಗಬಹುದು. ಅದಕ್ಕೆ ಮುಂಚೆ ಕ್ಯಾನ್ಸರ್ ರೋಗಿಗಳನ್ನು ನೋಡಿ ಅನುಭವವಿರುವ ಫಿಸಿಯೋಥೆರಪಿಸ್ಟರ ಜೊತೆ 12 ವಾರ ಪ್ರಯತ್ನಿಸಿ ಎಂಬುದು ನಮ್ಮ ಸಲಹೆ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಗೋಡೆಗೆ ಮುಖ ಮಾಡಿ ನಿಂತು ಎಡಗೈ ಬೆರಳು ಮುಟ್ಟಿದ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆಗಳು ಮೇಲೇರುತ್ತಿದ್ದರೆ ಆಪರೇಷನ್ ಮಾತು ಮುಂದಕ್ಕೆ ಹಾಕಬಹುದು. ಕೊನೆಯ ನಾಲ್ಕು ಗೆರೆಗಳು ಒಂದೇ ಎತ್ತರದಲ್ಲಿ ಬಿದ್ದಿದ್ದರೆ ಅವುಗಳ ಫೋಟೋ ತೆಗೆದುಕೊಂಡು ಸರ್ಜನ್ ಬಳಿ ಹೋಗಿ.
– ಸಂ.