ಹುಡುಗರ ವಚನ ಗಾಯನ ತಂಡ: ಹೊಸಬರನ್ನು ಹೇಗೆ ತಯಾರು ಮಾಡುವುದು, ದನಿ ಒಡೆದರೆ ಏನು?

ರಾಯಚೂರಿನ ಶಾಲೆಯ ವಚನ ತಂಡಕ್ಕೆ ಹೊಸ ಹುಡುಗರನ್ನು ಹೇಗೆ ತಯಾರು ಮಾಡುವುದು, ದನಿ ಒಡೆದಾಗ ಏನು ಮಾಡುವುದು ಅಂತ ಕೇಳಿದ್ದೀರಿ. ಎಂಟು ವರ್ಷದ ಹೊಸಬನನ್ನು ಶ್ರುತಿ ಗಟ್ಟಿಯಿರುವ ಹಳೇ ಹುಡುಗನ ಪಕ್ಕ ಕೂಡಿಸಿ, ಅರ್ಧ ಪಾಠ ಕಿವಿಯಲ್ಲೇ ಆಗುತ್ತದೆ. ದಿನಕ್ಕೆ 20 ನಿಮಿಷ ಷಡ್ಜ (ಆಧಾರದ ‘ಸ’ ಸ್ವರ) ಹಿಡಿಯುವುದು, ಅಲಂಕಾರ (ಸ್ವರಗಳನ್ನು ಜೋಡಿಸಿ ಹಾಡುವ ಅಭ್ಯಾಸ). ಹಾಡು ಎರಡೇ ಸಾಕು. ಪಕ್ಕದವನು ನಿಲ್ಲಿಸಿದರೂ ಸ್ವರ ಜಾರದಿದ್ದರೆ ಒಬ್ಬನೇ ಹಾಡುವ ಸಾಲು ಕೊಡಿ.

ಹಾಡುವಾಗ ಫ್ಯಾನ್ ಆರಿಸಿ, ಸೆಕೆಯಾದರೂ ಸರಿ. ಅದರ ಸದ್ದಿಗೆ ಮೀರಿ ಕೂಗುವ ಹುಡುಗರ ಗದ್ದ ಮೇಲೇಳುತ್ತದೆ, ಕತ್ತಿನ ನರ ಉಬ್ಬುತ್ತದೆ, ಗಂಟಲು ಕಟ್ಟುತ್ತದೆ.

ಸಾಮಾನ್ಯವಾಗಿ 12–14ರ ವಯಸ್ಸಿಗೆ ಧ್ವನಿತಂತು ಉದ್ದವಾಗಿ ದನಿ ಒಡೆದು, ಸುಮಾರು ಒಂದು ಸಪ್ತಕ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಇಳಿಯುತ್ತದೆ. ಆಗ ತಾರಸ್ಥಾಯಿಗೆ (ಮೇಲಿನ ಸ್ವರಗಳಿಗೆ) ಎಳೆಯಬೇಡಿ. ತಂಡದಿಂದ ಬಿಡಿಸಲೂಬೇಡಿ, ಹಾರ್ಮೋನಿಯಂಗೋ ತಾಳಕ್ಕೋ ಕೂಡಿಸಿ, ಮಂದ್ರ-ಮಧ್ಯದಲ್ಲಿ (ಕೆಳಗಿನ, ನಡುವಿನ ಸ್ವರಗಳಲ್ಲಿ) ಹತ್ತು ನಿಮಿಷ ಮೆಲ್ಲಗೆ ಗುನುಗಲಿ. ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯನ್ನು (ಕಪ್ಪು 4) ಶ್ರುತಿಯಾಗಿ ಇಟ್ಟುಕೊಂಡು ಹಾಡುತ್ತಿದ್ದವನು ಕೊನೆಗೆ ಕಪ್ಪು 1ರ ಸುತ್ತ ನಿಲ್ಲಬಹುದು.