ಹುಳುಮನೆಯ ಶುದ್ಧಿ ಅಡುಗೆಮನೆಗೆ ಬಂದಾಗ: ಗೀಳು ಕಾಯಿಲೆಯ ಒಂದು ಪ್ರಕರಣ

ಆಪ್ತಸಲಹೆಗಾರ್ತಿಯಾದ ನನಗೆ ಗಂಡ ಮೊದಲ ಸಲ ಫೋನ್ ಮಾಡಿದ್ದು ಹೆಂಡತಿಗೆ ಕಾಯಿಲೆ ಅಂತಲ್ಲ, ನೀರು ಸಾಲುತ್ತಿಲ್ಲ ಅಂತ. "ಬೋರು ಬತ್ತಿದೆ ಮೇಡಂ, ಟ್ಯಾಂಕರ್ ಹಾಕಿಸ್ತಿದೀನಿ. ಹಿಪ್ಪುನೇರಳೆಗಿಂತ ಇವಳ ಕೈಗೇ ಜಾಸ್ತಿ ನೀರು ಹೋಗ್ತಿದೆ" ಅಂದರು. ಸಾವಿರ ಅಡಿ ಕೊರೆಸಿದರೂ ನೀರು ಬಿದ್ದೀತು ಅನ್ನೋ ನಂಬಿಕೆ ಇಲ್ಲದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದು ಚಿಕ್ಕ ದೂರಲ್ಲ.

ಇದನ್ನು ಬರೆಯೋಕೆ ಆಕೆಯೂ ಮನೆಯವರೂ ಒಪ್ಪಿದ್ದಾರೆ. ಹೆಸರು, ವಯಸ್ಸು, ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ಸುಜಾತ ಅನ್ನೋಣ. ಮೂವತ್ತು ದಾಟಿದ ಹೆಣ್ಣುಮಗಳು. ಶಿಡ್ಲಘಟ್ಟದ ಕಡೆಯ ಹಳ್ಳಿ, ಮನೆಯಲ್ಲಿ ಗಂಡ, ಅತ್ತೆ, ಒಂದನೇ ಕ್ಲಾಸಿನ ಮಗಳು. ಸ್ವಲ್ಪ ಹಿಪ್ಪುನೇರಳೆ ತೋಟ, ಬೆಳೆಗೆ ನೂರು ಮೊಟ್ಟೆ (ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು) ರೇಷ್ಮೆಹುಳು ಮೇಯಿಸುತ್ತಾರೆ.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳುಮನೆಯಲ್ಲಿ ಶುಚಿ ಅನ್ನೋದು ಹುಚ್ಚಲ್ಲ, ಹೊಟ್ಟೆಪಾಡು. ಪ್ರತಿ ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿ, ಸುಣ್ಣದ ನೀರು ಹೊಡೆಯಬೇಕು. ಒಳಗೆ ಹೋಗೋ ಮುಂಚೆ ಕೈಕಾಲು ತೊಳೆಯಬೇಕು. ಬಾಗಿಲಲ್ಲಿ ಔಷಧಿಯಲ್ಲಿ ನೆನೆಸಿದ ಗೋಣಿಚೀಲ ಇರುತ್ತದೆ, ಅದನ್ನು ತುಳಿದೇ ಒಳಗೆ ಹೋಗಬೇಕು. ಇಷ್ಟು ಮಾಡಿದರೂ ಒಂದೊಂದು ಸಲ ಹಾಲುತೊಂಡೆ ರೋಗವೋ ಸಪ್ಪೆ ರೋಗವೋ ಬಂದು ಬೆಳೆ ಮಣ್ಣುಪಾಲಾಗುತ್ತದೆ. ಅಂಥ ಮನೆಯಲ್ಲಿ ಸೊಸೆ ನಾಲ್ಕು ಸಲ ಜಾಸ್ತಿ ಕೈ ತೊಳೆದರೆ ಯಾರಿಗೆ ಅನುಮಾನ ಬರುತ್ತೆ ಹೇಳಿ? ಬರಲಿಲ್ಲ. ಅಕ್ಕಪಕ್ಕದವರು "ನೋಡ್ರೇ, ಅವಳ ಅಚ್ಚುಕಟ್ಟು ಕಲೀರಿ" ಅಂತ ತಮ್ಮ ಸೊಸೆಯಂದಿರಿಗೆ ಬುದ್ಧಿ ಹೇಳಿದರಂತೆ.

ನನ್ನ ಹತ್ತಿರ ಬರೋಕೆ ಎರಡು ವರ್ಷ ಮುಂಚೆ ಒಂದು ಬೆಳೆ ನಾಲ್ಕನೇ ಜ್ವರ (ಹುಳು ಕೊನೆಯ ಸಲ ಪೊರೆ ಬಿಡೋದು) ಎದ್ದ ಮೇಲೆ, ಇನ್ನೇನು ಹುಳು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ, ಹಾಲುತೊಂಡೆಗೆ ಹೋಯಿತು. ಮೈ ಉಬ್ಬಿ, ಮುಟ್ಟಿದರೆ ಹಾಲಿನಂಥ ನೀರು ಒಸರುವ ಹುಳುಗಳನ್ನು ಬುಟ್ಟಿ ಬುಟ್ಟಿ ಹೊತ್ತು ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿದ್ದು ಸುಜಾತನೇ. ಅವತ್ತು ಅತ್ತೆ ಬಾಯಿಗೆ ಬಂದದ್ದನ್ನು ಕೇಳಿದರು: "ಕೈ ತೊಳ್ಕೊಂಡು ಹೋಗಿದ್ದೇನೇ?"

ಆ ಮಾತಿನಿಂದಲೇ ಕಾಯಿಲೆ ಬಂತು ಅಂತ ಗಂಡನ ವಾದ. ನಾನು ಒಪ್ಪಲಿಲ್ಲ. ಒಂದು ಮಾತಿನಿಂದ ಗೀಳು ಕಾಯಿಲೆ (ಇಂಗ್ಲಿಷಿನಲ್ಲಿ ಒಸಿಡಿ ಅನ್ನೋದು) ಹುಟ್ಟುವುದಿಲ್ಲ. ಮೆದುಳಿನ ಕೆಲಸದಲ್ಲಿ ಆಗುವ ವ್ಯತ್ಯಾಸ, ವಂಶದಲ್ಲಿ ಬರುವ ಒಲವು, ಮೇಲೊಂದು ಕಷ್ಟದ ಸಂದರ್ಭ, ಎಲ್ಲ ಸೇರಬೇಕು. ವಿಚಾರಿಸಿದರೆ ಸುಜಾತನ ಸೋದರಮಾವನೊಬ್ಬರು ಊರಿಗೆ ಹೊರಟವರು ಬಸ್‌ಸ್ಟಾಂಡಿಂದ ವಾಪಸ್ ಬಂದು ಬೀಗ ಎಳೆದು ನೋಡುತ್ತಿದ್ದರಂತೆ, ಅದೂ ಒಂದು ಸಲ ಅಲ್ಲ. ಅತ್ತೆಯ ತಲೆಯ ಮೇಲೆ ತಪ್ಪು ಹೊರಿಸಿ ಕೂತರೆ ಮುಂದೆ ಆಗಬೇಕಾದ ಕೆಲಸಕ್ಕೆ ಅವರು ಸಿಗುವುದಿಲ್ಲ ಅನ್ನೋದೂ ನನ್ನ ಲೆಕ್ಕದಲ್ಲಿತ್ತು.

ಸುಜಾತ ಬಂದಾಗ ಕೈ ನೋಡಿದೆ. ಬೆರಳ ಸಂದಿಯೆಲ್ಲ ಬಿಳಿಚಿ ಬಿರುಕು ಬಿಟ್ಟಿತ್ತು, ಗೆಣ್ಣಿನ ಹತ್ತಿರ ರಕ್ತ ಒಣಗಿತ್ತು. ಚರ್ಮದ ಡಾಕ್ಟರು ಮುಲಾಮು ಕೊಟ್ಟು ಕೊಟ್ಟು ಕೊನೆಗೆ "ದಿನಕ್ಕೆ ಎಷ್ಟು ಸಲ ತೊಳೀತೀಯಮ್ಮ?" ಅಂತ ಕೇಳಿದ್ದರಿಂದಲೇ ವಿಷಯ ಹೊರಗೆ ಬಂದದ್ದು. ಆ ಡಾಕ್ಟರಿಗೆ ದೊಡ್ಡ ನಮಸ್ಕಾರ. ಇಂಥವರಲ್ಲಿ ಎಷ್ಟೋ ಜನ ಮೊದಲು ಹೋಗೋದು ಚರ್ಮದ ಡಾಕ್ಟರ ಹತ್ತಿರವೇ.

ಸೋಪು ಸಾಲದೆ ಬ್ಲೀಚಿಂಗ್ ನೀರಲ್ಲೇ ಕೈ ಅದ್ದೋಕೆ ಶುರುಮಾಡಿದ್ದಳು. ಗೂಡು ಮಾರಿ ಮಾರ್ಕೆಟ್ಟಿಂದ ಬಂದ ಗಂಡ ಹಿತ್ತಲಲ್ಲೇ ಸ್ನಾನ ಮಾಡಿ, ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬರಬೇಕು. ಮಗು ಸ್ಕೂಲಿಂದ ಬಂದು ಅಪ್ಪಿಕೊಳ್ಳೋ ಹಾಗಿಲ್ಲ. ಮಗುವಿನ ಊಟ ಅತ್ತೆಯೇ ಬಡಿಸಬೇಕು, ಸುಜಾತ ತಟ್ಟೆ ಮುಟ್ಟುವುದಿಲ್ಲ. ಈ ಕೊನೆಯದು ನನಗೆ ಹೊಂದಲಿಲ್ಲ. ಹುಳಕ್ಕೆ ರೋಗ ತಗುಲೀತು ಅನ್ನೋ ಭಯವಾದರೆ ಮಗುವಿನ ತಟ್ಟೆಗೂ ಅದಕ್ಕೂ ಏನು ಸಂಬಂಧ?

ಮುಂದಿನ ಸಲ ಒಬ್ಬಳನ್ನೇ ಕೂರಿಸಿ ಕೇಳಿದೆ. ಸುಮಾರು ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತಿದ್ದಳು. "ಬೇಡದ ಯೋಚನೆ, ಹೇಳೋಕೆ ನಾಚಿಕೆಯಾಗೋ ಯೋಚನೆ, ತುಂಬಾ ಜನಕ್ಕೆ ಬರುತ್ತೆ ಸುಜಾತ. ನಾನು ಕೇಳಿ ಗಾಬರಿಯಾಗಲ್ಲ" ಅಂದೆ. ಆಮೇಲೆ ಹೇಳಿದಳು. "ಮೇಡಂ, ನನ್ನ ಕೈಯಿಂದಲೇ ಮಗೂನ ಅನ್ನಕ್ಕೆ ಬ್ಲೀಚಿಂಗ್ ಪುಡಿ ಹಾಕಿಬಿಟ್ಟೆ ಅಂತ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತೆ. ನಾನು ಕೊಲೆಗಾತಿನಾ?" ಎರಡು ವರ್ಷ ಇದನ್ನು ಗಂಡನಿಗೂ ಹೇಳಿರಲಿಲ್ಲ.

ಇದು ಗೀಳು ಕಾಯಿಲೆಯ ಮುಖ್ಯ ಲಕ್ಷಣ. ಬೇಡ ಅಂದರೂ ನುಗ್ಗುವ ಯೋಚನೆ, ಅದರಿಂದ ಬರುವ ವಿಪರೀತ ಭಯ, ಆ ಭಯ ಇಳಿಸೋಕೆ ಮಾಡಲೇಬೇಕು ಅನ್ನಿಸುವ ಕ್ರಿಯೆ. ಕೈ ತೊಳೆಯೋದು ಅದರ ಒಂದು ರೂಪ ಅಷ್ಟೇ. ಬೀಗ ನೋಡೋದು, ಎಣಿಸೋದು, ಮನಸ್ಸಲ್ಲೇ ದೇವರ ನಾಮ ಇಂತಿಷ್ಟು ಸಲ ಹೇಳೋದು, ಇವೂ ಇರುತ್ತವೆ. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಅನ್ನುವ ಮನಶ್ಶಾಸ್ತ್ರಜ್ಞರು ಆರೋಗ್ಯವಾಗಿರುವ ಜನರನ್ನು ಕೇಳಿ ನೋಡಿದರು. ಅವರಲ್ಲೂ ಹೆಚ್ಚಿನವರಿಗೆ ಇಂಥ ಕೆಟ್ಟ ಯೋಚನೆ ಬರುತ್ತಿತ್ತು. ಅವರು "ಥೂ, ಎಂಥ ಯೋಚನೆ" ಅಂತ ಬಿಟ್ಟು ಮುಂದೆ ಹೋಗುತ್ತಾರೆ. ಗೀಳು ಇರುವವರು ಬಿಡಲಾರರು. ಮಗು ಅಂದರೆ ಪ್ರಾಣ ಇರುವ ತಾಯಿಗೇ ಮಗುವಿಗೆ ವಿಷ ಹಾಕುವ ಚಿತ್ರ ಬರುವುದು, ಹಾಗಾಗಿ ಹೆದರಿ ಸಾಯುವುದು. ಹಾಗಂತ ಇಂಥ ಯೋಚನೆ ಬಂದರೆಲ್ಲ ಗೀಳೇ ಅಂತ ಮನೆಯಲ್ಲೇ ತೀರ್ಮಾನಿಸಬೇಡಿ. ಯಾರೋ ಹೇಳಿದ ಹಾಗೆ ಧ್ವನಿ ಕೇಳಿಸುತ್ತಿದ್ದರೆ, ಅಥವಾ ಮಾಡಿಬಿಡೋಣ ಅನ್ನಿಸುತ್ತಿದ್ದರೆ ಅದರ ದಾರಿಯೇ ಬೇರೆ, ತಡಮಾಡಬಾರದು.

ನಾನು ಆಪ್ತಸಲಹೆಗಾರ್ತಿ, ಮಾತ್ರೆ ಬರೆಯುವವಳಲ್ಲ. ಮನೋವೈದ್ಯರ ಹತ್ತಿರ ಕಳಿಸಿದೆ. ಯೇಲ್-ಬ್ರೌನ್ ಅನ್ನುವ ಅಳತೆ ಇದೆ, ಹತ್ತು ಪ್ರಶ್ನೆ, 40ಕ್ಕೆ ಅಂಕ. 24 ಮುಟ್ಟಿದರೆ ತೀವ್ರ. ಸುಜಾತಗೆ 28 ಬಂತು. ಸರ್ಟ್ರಾಲಿನ್ ಅನ್ನುವ ಮಾತ್ರೆ ಶುರುಮಾಡಿ ನಿಧಾನಕ್ಕೆ ಏರಿಸಿದರು. ಖಿನ್ನತೆಗೆ ಕೊಡುವುದಕ್ಕಿಂತ ಗೀಳಿಗೆ ಸಾಮಾನ್ಯವಾಗಿ ಜಾಸ್ತಿ ಡೋಸ್ ಬೇಕಾಗುತ್ತದೆ, ಗುಣ ಕಾಣೋಕೆ 8ರಿಂದ 12 ವಾರ ಹಿಡಿಯುತ್ತದೆ. ಮೊದಲ ವಾರ ವಾಕರಿಕೆ ಬಂದು ಗಂಡ "ನಿದ್ದೆ ಮಾತ್ರೆನಾ ಮೇಡಂ, ಚಟ ಆಗಿಬಿಡುತ್ತಾ?" ಅಂತ ಕೇಳಿದರು. ನಿದ್ದೆ ಮಾತ್ರೆ ಅಲ್ಲ, ಚಟವೂ ಆಗಲ್ಲ, ಆದರೆ ನೀವೇ ಇದ್ದಕ್ಕಿದ್ದ ಹಾಗೆ ನಿಲ್ಲಿಸಬಾರದು ಅಂದೆ.

ಮಾತ್ರೆಯ ಜೊತೆಗೆ ನಾವು ಮಾಡಿದ್ದು ಭಯಕ್ಕೆ ಎದುರು ನಿಂತು, ಕ್ರಿಯೆಯನ್ನು ತಡೆಯುವ ಚಿಕಿತ್ಸೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ಮೇಲೆ ಇದನ್ನು ಮಾಡಿ ವರದಿ ಬರೆದರು. ಅಲ್ಲಿಯವರೆಗೆ ಗೀಳಿಗೆ ಮಾತಿನ ಚಿಕಿತ್ಸೆಯಿಂದ ಹೆಚ್ಚೇನೂ ಆಗುತ್ತಿರಲಿಲ್ಲ. ವಿಚಾರ ಸರಳ. ಭಯವಾಗುವ ವಸ್ತು ಮುಟ್ಟಿ, ತೊಳೆಯದೆ ಕೂರು. ಭಯ ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ, ಇಳಿಯದಿದ್ದರೂ ಅದನ್ನು ಇಟ್ಟುಕೊಂಡೇ ಬದುಕಬಹುದು ಅಂತ ಮನಸ್ಸು ಕಲಿಯುತ್ತೆ. ಹೇಳೋಕೆ ಸುಲಭ.

ನಮಗಿದ್ದ ತೊಡಕು ಹುಳುಮನೆ. ಪೇಟೆಯ ರೋಗಿಗಾದರೆ ಬಾಗಿಲ ಹಿಡಿ ಮುಟ್ಟಿ ಕೈ ತೊಳೆಯಬೇಡ ಅನ್ನಬಹುದು. ಇಲ್ಲಿ ತೊಳೆಯದಿದ್ದರೆ ನಿಜಕ್ಕೂ ಬೆಳೆ ಹೋಗುತ್ತದೆ. ಚಿಕಿತ್ಸೆಯ ಹೆಸರಲ್ಲಿ ಸಾಲ ಮಾಡಿ ತಂದ ಬೆಳೆ ಕಳೆಯೋಕೆ ನನಗೇನು ಹಕ್ಕಿದೆ? ಗಂಡನಿಗೆ ಹೇಳಿ ರೇಷ್ಮೆ ಇಲಾಖೆಯವರನ್ನು ಕೇಳಿಸಿದೆ, ಒಳಗೆ ಹೋಗುವಾಗ ಏನೇನು, ಎಷ್ಟು ಸಲ ಅಂತ. ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಹುಳುಮನೆ ಬಾಗಿಲಿಗೆ ಅಂಟಿಸಿದರು. ಒಳಗೆ ಹೋಗೋ ಮುಂಚೆ ಒಂದು ಸಲ. ರೋಗದ ಹುಳ ಆರಿಸಿದ ಮೇಲೆ ಒಂದು ಸಲ. ಅನುಮಾನಕ್ಕೆ ತೊಳೆಯೋದು ಆ ಪಟ್ಟಿಯಲ್ಲಿ ಇಲ್ಲ. ಕಸುಬು ಕೇಳಿದಷ್ಟು ತೊಳೆಯೋದು, ಕಾಯಿಲೆ ಕೇಳಿದ್ದಕ್ಕೆ ಇಲ್ಲ ಅನ್ನೋದು, ಇದೇ ನಮ್ಮ ಒಪ್ಪಂದ. ಮತ್ತೆ ಮತ್ತೆ ಇಲಾಖೆಗೆ ಫೋನ್ ಮಾಡಿ ಕೇಳೋ ಹಾಗೂ ಇಲ್ಲ.

ಆಮೇಲೆ ಮೆಟ್ಟಿಲು ಹಾಕಿಕೊಂಡೆವು. ನೂರಕ್ಕೆ ಎಷ್ಟು ಭಯ ಅಂತ ಆಕೆಯೇ ಅಂಕ ಕೊಟ್ಟಳು. ಸೊಪ್ಪಿನ ಬುಟ್ಟಿಯ ಹೊರಮೈ ಮುಟ್ಟಿ ಜಗುಲಿಯಲ್ಲಿ ಕೂರೋದಕ್ಕೆ 30. ಮಾರ್ಕೆಟ್ಟಿಂದ ಬಂದ ಗಂಡ ಸ್ನಾನವಿಲ್ಲದೆ ಪಕ್ಕದಲ್ಲಿ ಕೂತು ಕಾಫಿ ಕುಡಿಯೋದಕ್ಕೆ 55. ಮಗಳನ್ನು ಯೂನಿಫಾರ್ಮಿನಲ್ಲೇ ತಬ್ಬೋದಕ್ಕೆ 70. ಮಗುವಿಗೆ ಕೈಯಾರೆ ಕಲಸಿ ತಿನ್ನಿಸೋದಕ್ಕೆ 95. ಮುಚ್ಚಿದ ಬ್ಲೀಚಿಂಗ್ ಡಬ್ಬಿ ಮುಟ್ಟಿ, ಸೋಪಲ್ಲಿ ಒಂದೇ ಒಂದು ಸಲ ತೊಳೆದು ಮಗುವಿನ ಡಬ್ಬಿಗೆ ಚಿತ್ರಾನ್ನ ಹಾಕೋದಕ್ಕೆ "ನೂರಾ ಹತ್ತು ಮೇಡಂ". ಬ್ಲೀಚಿಂಗ್ ಮುಟ್ಟಿದ ಮೇಲೆ ಒಂದು ಸಲ ತೊಳೆಯೋದು ನ್ಯಾಯವೇ, ಅದನ್ನು ಬಿಡಿಸಲಿಲ್ಲ. ಎರಡನೇ ಸಲದ್ದನ್ನು ಬಿಡಿಸಿದ್ದು.

ಬುಟ್ಟಿ ಮುಟ್ಟಿ ಕೂತ ಮೊದಲ ದಿನ ಸುಜಾತ ನಡುಗಿದಳು, ಬೆವರಿದಳು, ನನಗೆ ಮನಸ್ಸಲ್ಲೇ ಬೈದಳು (ಆಮೇಲೆ ಅವಳೇ ಹೇಳಿದ್ದು). ಮುಕ್ಕಾಲು ಗಂಟೆಯಲ್ಲಿ 30 ಅಂದುಕೊಂಡದ್ದು 60ಕ್ಕೆ ಹೋಗಿ 20ಕ್ಕೆ ಇಳಿಯಿತು. ದಿನಾ ಅದನ್ನೇ ಮಾಡಬೇಕು. ಬೇಜಾರು ಬರುವಷ್ಟು ಮಾಡಬೇಕು. ಬೇಜಾರು ಬಂದರೆ ಗೆದ್ದ ಹಾಗೆ. ನಾಲ್ಕನೇ ಜ್ವರ ಎದ್ದ ವಾರ ಮಾತ್ರ ಯಾವ ಹೊಸ ಮೆಟ್ಟಿಲೂ ಇಲ್ಲ. ಹಗಲು ರಾತ್ರಿ ಸೊಪ್ಪು ಹಾಕುವ ಮನೆಯಲ್ಲಿ ಅದಕ್ಕೆ ಪುರುಸೊತ್ತೆಲ್ಲಿ. ಚಿಕಿತ್ಸೆಯನ್ನು ಬೆಳೆಗೆ ಹೊಂದಿಸಿಕೊಂಡೆವು.

ಸುಜಾತಗಿಂತ ಕಷ್ಟವಾದದ್ದು ಮನೆಯವರಿಗೆ. "ಅತ್ತೆ, ನಾನು ಏನೂ ಹಾಕಿಲ್ಲ ಅಲ್ವಾ? ನೀವು ನೋಡಿದ್ರಿ ಅಲ್ವಾ?" ಅಂತ ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೇಳುತ್ತಿದ್ದಳು. ಅತ್ತೆ ಪ್ರತಿ ಸಲವೂ "ಇಲ್ಲ ಕಣಮ್ಮ, ನಾನೇ ನೋಡ್ದೆ" ಅನ್ನುತ್ತಿದ್ದರು. ಪ್ರೀತಿಯಿಂದಲೇ. ಆದರೆ ಆ ಉತ್ತರ ಕಜ್ಜಿ ಕೆರೆದ ಹಾಗೆ, ಐದು ನಿಮಿಷ ಹಿತ, ಆಮೇಲೆ ಇನ್ನೂ ಜಾಸ್ತಿ. ಗಂಡ ಹಿತ್ತಲಲ್ಲಿ ಸ್ನಾನ ಮಾಡೋದೂ ಅದೇ ಜಾತಿ. ಮನೆಯವರು ಕಾಯಿಲೆಯ ನಿಯಮ ಪಾಲಿಸಿದಷ್ಟೂ ಕಾಯಿಲೆ ಹೊಸ ನಿಯಮ ತರುತ್ತದೆ. ಬೈದು ನಿಲ್ಲಿಸೋಕೂ ಆಗಲ್ಲ, ಬೈದರೆ ಭಯ ಹೆಚ್ಚುತ್ತೆ. ಹಾಗಾಗಿ ಸುಜಾತಳನ್ನು ಎದುರಿಗೇ ಕೂರಿಸಿಕೊಂಡು, ಅವಳ ಒಪ್ಪಿಗೆಯಿಂದಲೇ ತೀರ್ಮಾನ ಮಾಡಿದೆವು. ಕೇಳಿದಾಗ ಉತ್ತರ ಒಂದೇ: "ಗೊತ್ತಿಲ್ಲಮ್ಮ, ಇರಬಹುದು, ಇಲ್ಲದೇನೂ ಇರಬಹುದು."

ಅತ್ತೆ ನನ್ನ ಮೇಲೆ ರೇಗಿದರು. "ಇದೇನ್ ಮೇಡಮ್ಮ, ಅಳ್ತಾ ಕೇಳೋ ಹುಡುಗಿಗೆ ಹಂಗಂತ ಹೇಳೋಕೆ ಬಾಯಿ ಬರುತ್ತಾ?" ಬರಲ್ಲ ಅಂತ ನಾನೂ ಒಪ್ಪಿದೆ. ಉತ್ತರ ಕೊಡಬೇಡಿ ಅಂದೆ, ಪಕ್ಕದಲ್ಲಿ ಕೂರಬೇಡಿ ಅನ್ನಲಿಲ್ಲ. ಕೆಲವು ವಾರಕ್ಕೆ ಅವರದೇ ಒಂದು ಶೈಲಿ ಬಂತು. "ಗೊತ್ತಿಲ್ಲ ಕಣೇ, ಬಾ, ಮುದ್ದೆ ತೊಳಸು, ಇಬ್ಬರೂ ಉಣ್ಣೋಣ" ಅನ್ನೋದು. ನಾನು ಹೇಳಿಕೊಟ್ಟದ್ದಕ್ಕಿಂತ ಇದೇ ಚೆನ್ನಾಗಿತ್ತು. ನನಗೂ ರಾತ್ರಿ ಫೋನ್ ಬರುತ್ತಿತ್ತು, "ಸರಿ ಇದೆ ಅಲ್ವಾ ಮೇಡಂ?" ಅಂತ. ನನ್ನದೂ ಅದೇ ಉತ್ತರ.

ನಡುವೆ ಒಂದು ಸಲ ಜಾರಿತು. ಕೈ ವಾಸಿಯಾಗಿ ನಗುನಗುತ್ತಾ ಇದ್ದಾಳಲ್ಲ ಅಂತ ಮಾತ್ರೆ ತರೋದನ್ನು ನಿಲ್ಲಿಸಿದರು. ಒಂದು ತಿಂಗಳೊಳಗೆ ಹಿತ್ತಲ ಸ್ನಾನ ವಾಪಸ್ ಬಂತು. ಗುಣವಾದ ಮೇಲೂ ಕನಿಷ್ಠ ಒಂದೆರಡು ವರ್ಷ ಮಾತ್ರೆ ಮುಂದುವರಿಸಬೇಕು, ನಿಲ್ಲಿಸುವಾಗ ಡಾಕ್ಟರೇ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಈ ಸಲ ಮನೋವೈದ್ಯರೇ ಗಂಡನಿಗೆ ಕೂರಿಸಿ ಹೇಳಿದರು.

ಈಗ ಯೇಲ್-ಬ್ರೌನ್ ಅಂಕ 11ಕ್ಕೆ ಇಳಿದಿದೆ. ಚಿತ್ರಾನ್ನದ ಡಬ್ಬಿ ಸುಜಾತನೇ ಕಟ್ಟುತ್ತಾಳೆ. ಆ ಚಿತ್ರ ಈಗಲೂ ಒಮ್ಮೊಮ್ಮೆ ಬರುತ್ತದೆ, "ಬಂದ್ರೆ ಬರಲಿ, ನನಗೆ ಕೆಲಸ ಇದೆ ಅಂತ ಹೇಳ್ತೀನಿ" ಅನ್ನುತ್ತಾಳೆ. ಅಕ್ಕಿಯನ್ನು ಇನ್ನೂ ಎರಡು ಸಲ ಜಾಸ್ತಿ ತೊಳೆಯುತ್ತಾಳೆ. ಅದಕ್ಕೆ ನಾನು ಕೈ ಹಾಕಿಲ್ಲ, ಮುಂದಿನ ಬೆಳೆ ಗೂಡು ಕಟ್ಟಿದ ಮೇಲೆ ನೋಡೋಣ ಅಂದಿದ್ದೇವೆ.

ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ ಬೆಂಗಳೂರಿಗೇ ಓಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ, ಯಾವತ್ತು ಅಂತ ಕೇಳಿಕೊಂಡು ಹೋಗಿ. ಫೋನಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತೀವ್ರವಾಗಿದ್ದು ಇಲ್ಲಿ ಬಗ್ಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ ಆಸ್ಪತ್ರೆಯಲ್ಲಿ ಗೀಳಿಗೇ ಬೇರೆ ಕ್ಲಿನಿಕ್ ಇದೆ. ಹೋಗುವಾಗ ರೋಗಿಯ ಜೊತೆ ಮನೆಯವರೂ ಒಬ್ಬರು ಹೋಗಿ, ಈಗಾಗಲೇ ತಗೊಂಡಿರುವ ಮಾತ್ರೆ ಮುಲಾಮಿನ ಚೀಟಿಗಳನ್ನೆಲ್ಲ ಒಯ್ಯಿರಿ. ಡಾಕ್ಟರ ಮುಂದೆ ಎರಡು ನಿಮಿಷವಾದರೂ ರೋಗಿಯನ್ನು ಒಬ್ಬರನ್ನೇ ಬಿಟ್ಟು ಹೊರಗೆ ಕೂತಿರಿ.